ಗೋಮಾಳದ ಎಂಜಿನಿಯರ್

ಪಾವಗಡದ ನಮ್ಮ ಮನೆಯ ಮಹಡಿಯಲ್ಲಿ ಇಲ್ಲಿನ ಸೋಲಾರ್ ಪಾರ್ಕಿಗೆ ಬಂದ ಸೌತ್ ಆಫ್ರಿಕಾದ ಎಂಜಿನಿಯರ್ ಒಬ್ಬರು ಬಾಡಿಗೆಗಿದ್ದರು. ಯಾರೊಡನೆ ಮಾತಾಡಿದರೂ ಮೊದಲು ಹ್ಯಾಟ್ ತೆಗೆದು ಎದೆಗೊತ್ತಿಕೊಳ್ಳುವರು. ಅಂಥ ಮ್ಯಾನರ್ಸ್ ನನ್ನ ಕಾನ್ವೆಂಟಿನ ದಿನಗಳ ನಂತರ ನಾನು ಕಂಡಿರಲಿಲ್ಲ.

ಸರ್‌ನೇಮ್ ಡು ಪ್ರೀಜ್. "ಒರಿಜಿನಲಿ ಫ್ರೆಂಚ್, ಮ್ಯಾಡಮ್," ಎನ್ನುವುದು ಅವರ ಪಲ್ಲವಿ. ಪ್ರೊಟೆಸ್ಟೆಂಟರೆಂಬ ಕಾರಣಕ್ಕೆ ಫ್ರಾನ್ಸ್ ಬಿಟ್ಟು ಆಫ್ರಿಕಾ ಸೇರಿದ ಅವರ ಹಿರಿಯರು ಭಾಷೆ ಮರೆತರೂ ಹೆಸರು ಬಿಡಲಿಲ್ಲವಂತೆ.

ಪಕ್ಕದ ಮನೆಯ ಈರಮ್ಮ ಕುರಿ ಸಾಕುವವಳು. ಈ ಕಡೆಯ ರೂಢಿಯಂತೆ ಒಂದು ದಿನ ಎಂಜಿನಿಯರರ ಮನೆತನದ ಹೆಸರು ಕೇಳಿದಳು. ಡು ಪ್ರೀಜ್ ಅಂದರೆ ಫ್ರೆಂಚಿನಲ್ಲಿ ಹುಲ್ಲುಗಾವಲಿನವರು ಎಂದು ನಾನೇ ತಿಳಿಸಿದೆ.

"ಅಂಗಾದ್ರೆ ಗೋಮಾಳದೋರು ಅನ್ನಿ! ಗೋಮಾಳದೋರಾಗಿ ಸೋಲಾರ್ ಸುತ್ತ ಬೇಲಿ ಹಾಕ್ಬುಟ್ರಲ್ಲ ಸ್ವಾಮಿ? ಮೇವಿಲ್ದೆ ಕುರಿ ಮಾರ್ಬೇಕಾಗದೆ ಕಣಮ್ಮ, ಹೇಳು ಅವ್ರಿಗೆ."

ಹೇಳಿದೆ. ಅವರು ನಗಲಿಲ್ಲ. ಪ್ಯಾನೆಲ್ಲುಗಳ ನಡುವೆ ಬೆಳೆದ ಹುಲ್ಲನ್ನು ಮಷೀನಿನಿಂದ ಕತ್ತರಿಸುತ್ತಿದ್ದರಂತೆ. ಮೇಲಿನವರನ್ನು ಒಪ್ಪಿಸಿ ಕುರಿಗಳಿಗೆ ಗೇಟು ತೆಗೆಸಿದರು. ಮೊದಲ ದಿನ ಹಿಂಡು ಒಳಹೋಗುವಾಗ ಹ್ಯಾಟ್ ಎದೆಗೊತ್ತಿ ಗೇಟಿನ ಬಳಿ ನಿಂತಿದ್ದರು.

ಕಾಂಟ್ರ್ಯಾಕ್ಟ್ ಮುಗಿದು ಅವರು ಹೊರಟುಹೋದರು. ಮಹಡಿ ಈಗಲೂ ಖಾಲಿ. ಹೊಸದಾಗಿ ಬಂದ ಎಂಜಿನಿಯರ್ ಮೊನ್ನೆ ಈರಮ್ಮನನ್ನು ತಡೆದು, ಕುರಿ ಬಿಡಲು ಹೇಳಿದ್ದು ಯಾರೆಂದು ಕೇಳಿದರಂತೆ.

"ನಮ್ಮ ಗೋಮಾಳದೋರು ಕಣ್ ಸ್ವಾಮಿ," ಎಂದಳಂತೆ ಈರಮ್ಮ. "ಒರಿಜಿನ್ಲಿ ಪ್ರೆಂಚು."