ಹಲ್ಲಿನ ನಡುವೆ ಕೆಂಪು ದಾರ

ಬೆಳಗಿನ ಏಳು ಗಂಟೆ. ಕಾಮಾ ನದಿ ಹೆಪ್ಪುಗಟ್ಟಿ ಮಲಗಿದೆ, ಬೆಳಕು ಇನ್ನೂ ಹರಿದಿಲ್ಲ. ಥಿಯೇಟರಿನ ಮೂರನೇ ಮಹಡಿಯ ಉಡುಪಿನ ಕೋಣೆಯಲ್ಲಿ ಕ್ಲಾವ್ದಿಯಾ ಸವೆಲ್ಯೆವ್ನಾ ಬ್ಯಾಲೆ ಕುಪ್ಪಸಗಳ ಕಂಕುಳಿಗೆ ವೋಡ್ಕಾ ಚಿಮುಕಿಸುತ್ತಿದ್ದಾರೆ. ನೀರು ತಾಗಿದರೆ ರೇಷ್ಮೆ ಕಲೆಗಟ್ಟುತ್ತದೆ, ಬೆವರಿನ ವಾಸನೆಗೆ ಇದೇ ಮದ್ದು. ಸರ್ಕಾರ ಕುಡಿತದ ಮೇಲೆ ಯುದ್ಧ ಸಾರಿ ಎರಡು ವರ್ಷವಾಗುತ್ತ ಬಂತು, ಅಂಗಡಿಗಳ ಮುಂದೆ ಹನುಮಂತನ ಬಾಲದಂಥ ಸಾಲು. ಈ ಕೋಣೆಗೆ ಮಾತ್ರ ತಿಂಗಳಿಗೆ ನಾಲ್ಕು ಬಾಟಲಿ ತಪ್ಪದೆ ಬರುತ್ತದೆ.

ಪರದೆ ಎಳೆಯುವ ಯೆಫಿಮ್ ಬಾಗಿಲಲ್ಲಿ ಇಣುಕುತ್ತಾನೆ. "ಕ್ಲಾವಾ ಚಿಕ್ಕಮ್ಮ, ಈ ದೇಶದಲ್ಲಿ ಬಟ್ಟೆಗಿರೋ ಭಾಗ್ಯ ಮನುಷ್ಯನಿಗಿಲ್ಲ ನೋಡು."

"ಬಟ್ಟೆ ಕುಡ್ಕೊಂಡು ಮೆಟ್ಟಿಲ ಮೇಲೆ ಬೀಳಲ್ಲ ಕಣಪ್ಪ. ಬಾಗಿಲು ಹಾಕ್ಕೊಂಡು ಹೋಗು, ಚಳಿ ಬರುತ್ತೆ."

ಕ್ಲಾವಾ ಅವರಿಗೆ ಐವತ್ತೊಂಬತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಲೆನಿನ್‌ಗ್ರಾಡಿನ ನರ್ತಕರು ಜೀವ ಉಳಿಸಿಕೊಳ್ಳಲು ಈ ಊರಿಗೆ ಬಂದಿಳಿದಾಗ ಕ್ಲಾವಾ ಅವರ ತಾಯಿ ಆ ನರ್ತಕರ ಬಟ್ಟೆಗಳನ್ನು ಒಗೆಯುತ್ತಿದ್ದರು, ಹದಿನಾಲ್ಕರ ಮಗಳು ಹಿಂಡುತ್ತಿದ್ದಳು. ಬಟ್ಟೆಯೆಲ್ಲ ಆಸ್ಪತ್ರೆಗೆ ಹೋಗುತ್ತಿದ್ದ ಕಾಲ ಅದು. ಒಗೆದ ಬ್ಯಾಂಡೇಜನ್ನೇ ಸೇರಿಸಿ ಹೊಲಿದು, ಆಲೂಗಡ್ಡೆ ಗಂಜಿ ಹಾಕಿ ಕುಣಿತದ ಲಂಗ ಮಾಡಿದ್ದನ್ನು ಅವರು ಈಗಲೂ ನಗುತ್ತ ನೆನೆಯುತ್ತಾರೆ. "ಆ ಗಂಜೀನ ಕುಡಿಯೋಕೆ ಆಸೆ ಆಗೋದು," ಎನ್ನುತ್ತಾರೆ.

ಒಂದು ಲಂಗಕ್ಕೆ ಹನ್ನೆರಡು ಪದರ, ಹದಿನಾಲ್ಕು ಮೀಟರು ಬಲೆಬಟ್ಟೆ. ಮೊದಲು ಅದು ಮೊಣಕಾಲಿನವರೆಗೆ ಜೋಲುತ್ತಿತ್ತು. ವರ್ಷವರ್ಷಕ್ಕೂ ಮೇಲೇರಿ, ಈಗ ಸೊಂಟದ ಸುತ್ತ ಊಟದ ತಟ್ಟೆ ಕಟ್ಟಿದಂತೆ ಮಟ್ಟಸವಾಗಿ ನಿಲ್ಲುತ್ತದೆ. "ಜನ ಅಂತಾರೆ, ಈಗಿನ ಹುಡುಗೀರ ಕಾಲು ಎಷ್ಟುದ್ದ ಅಂತ. ಕಾಲು ಅಷ್ಟೇ ಇದೆ, ಲಂಗ ಗಿಡ್ಡ ಆಯ್ತು." ನರ್ತಕಿಯರು ಚಳಿಗೆ ತೊಡುತ್ತಿದ್ದ ಉಣ್ಣೆಯ ಕಾಲುಪಟ್ಟಿ ಈಗ ಬಸ್ ನಿಲ್ದಾಣದ ಹುಡುಗಿಯರ ಫ್ಯಾಷನ್ನು. ಕ್ಲಾವಾ ಹಳೆಯ ಸ್ವೆಟರಿನ ತೋಳು ಕತ್ತರಿಸಿ ಮಾಡಿಕೊಡುತ್ತಿದ್ದ ವಸ್ತುವಿಗೆ ನೆರೆಮನೆಯ ಹುಡುಗಿ ಎರಡು ತಿಂಗಳಿಂದ ದುಂಬಾಲು ಬಿದ್ದಿದ್ದಾಳೆ.

ಆದರೆ ಅವರ ನಿಜವಾದ ಕೆಲಸ ಸಂಜೆಯದು. ಕುಪ್ಪಸದ ಬೆನ್ನಿಗೆ ಹದಿನೆಂಟು ಕೊಕ್ಕೆ. ನರ್ತಕಿ ಜೋರಾಗಿ ಉಸಿರೆಳೆದರೆ ಅವು ಕೈಕೊಡಬಹುದು. ಅದಕ್ಕೇ ರಂಗಕ್ಕೆ ಹೋಗುವ ಮೊದಲು ತೊಟ್ಟ ಬಟ್ಟೆಯನ್ನು ಮೈಮೇಲೇ ಹೊಲಿಯಬೇಕು. ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ಮೈಮೇಲಿನ ಬಟ್ಟೆಗೆ ಸೂಜಿ ಹಾಕುವಾಗ ತೊಟ್ಟವರು ಹಲ್ಲಿನಲ್ಲಿ ದಾರ ಕಚ್ಚಿರಬೇಕು, ತುಟಿ ಪಿಟಕ್ಕೆನ್ನಬಾರದು. ಇಲ್ಲದಿದ್ದರೆ ಬಟ್ಟೆಯ ಜೊತೆ ನೆನಪೂ ಹೊಲಿದುಹೋಗುತ್ತದೆ ಎಂಬುದು ಇಲ್ಲಿ ಅಜ್ಜಿಯರ ಕಾಲದ ಮಾತು.

"ನಾನೇನು ನಂಬಲ್ಲ. ಆದ್ರೆ ಒಂದ್ಸಲ ಮರೆತಿದ್ದೆ," ಎನ್ನುವಾಗ ಕ್ಲಾವಾ ಧ್ವನಿ ತಗ್ಗಿಸುತ್ತಾರೆ.

ಅದು ಅರವತ್ತೊಂದನೆಯ ಇಸವಿ. ಇಪ್ಪತ್ತೊಂದರ ನೋನ್ನಾ ಅರ್ಕಾದ್ಯೆವ್ನಾಳ ಮೊದಲ ಮುಖ್ಯ ಪಾತ್ರ. ಗಡಿಬಿಡಿಯಲ್ಲಿ ಕ್ಲಾವಾ ದಾರ ಕೊಡದೆ ಹೊಲಿದರು. ಹುಡುಗಿ ರಂಗದ ನಡುವೆ ಹೆಜ್ಜೆ ಮರೆತು ಎಂಟು ತಾಳದಷ್ಟು ಹೊತ್ತು ಕಂಬದಂತೆ ನಿಂತಳು. ಮತ್ತೆಂದೂ ಆಕೆಗೆ ಮುಖ್ಯ ಪಾತ್ರ ಸಿಗಲಿಲ್ಲ. ಅಂದಿನಿಂದ ಕ್ಲಾವಾ ಅವರ ಏಪ್ರನ್ನಿನ ಜೇಬಿನಲ್ಲಿ ಕಚ್ಚುವುದಕ್ಕೆಂದೇ ಒಂದು ಕೆಂಪು ದಾರದ ಉಂಡೆ ಇರುತ್ತದೆ.

ಅದೇ ನೋನ್ನಾ ಇಂದು ಉಡುಪು ವಿಭಾಗದ ಮುಖ್ಯಸ್ಥೆ. ಹೊರದೇಶದ ಪ್ರವಾಸದಲ್ಲಿ ಕಂಡ ಮಾದರಿಯಂತೆ, ಹಿಗ್ಗುವ ಬಟ್ಟೆಯ ಇಪ್ಪತ್ತನಾಲ್ಕು ಕುಪ್ಪಸ ಮಾಡಿಸಿದ್ದಾರೆ. ಬೆನ್ನಿಗೆ ಜಿಪ್ಪು. ಕೊಕ್ಕೆಯೂ ಬೇಡ, ಸೂಜಿಯೂ ಬೇಡ. ಇವತ್ತಿನ ಪ್ರದರ್ಶನದ ಕೊನೆಯ ಅಂಕದಲ್ಲಿ, ಬಿಳಿ ಉಡುಪಿನ ಇಪ್ಪತ್ತನಾಲ್ಕು ಹುಡುಗಿಯರ ಮೇಲೆ ಅವು ಸರಿಹೋದರೆ, ಸೋಮವಾರದಿಂದ ಕ್ಲಾವಾ ಕೆಳಮಹಡಿಯಲ್ಲಿ ಪ್ರೇಕ್ಷಕರು ಬಿಚ್ಚಿಕೊಟ್ಟ ಕೋಟು ಕಾಯುವ ಕಿಟಕಿಗೆ.

"ಅಲ್ಲಿ ಬೆಚ್ಚಗಿರುತ್ತೆ. ಕೂತ್ಕೊಂಡು ಮಾಡೋ ಕೆಲಸ," ಎಂದು ನೋನ್ನಾ ಸಮಾಧಾನ ಹೇಳಿದ್ದಾರೆ.

"ಕೋಟುಗಳ ಬೆನ್ನು ನೋಡ್ಕೊಂಡು ಏನು ಮಾಡ್ಲಿ?" ಎನ್ನುತ್ತಾರೆ ಕ್ಲಾವಾ, ಚಹಾಕ್ಕೆ ಕಪ್ಪು ರೊಟ್ಟಿ ಅದ್ದುತ್ತ. ನಲವತ್ತೈದು ವರ್ಷದಲ್ಲಿ ಅವರು ಒಂದು ಪ್ರದರ್ಶನವನ್ನೂ ಎದುರಿನಿಂದ ನೋಡಿಲ್ಲ. ಆದರೆ ಬೆನ್ನು ತೋರಿಸಿದರೆ ಯಾರದೆಂದು ಹೇಳಬಲ್ಲರು, ಯಾವ ಭುಜ ನೋಯುತ್ತಿದೆ, ಯಾರು ರಾತ್ರಿ ಅತ್ತಿದ್ದಾರೆ ಎಂಬುದನ್ನೂ.

ಸಂಜೆ. ಕೊನೆಯ ಅಂಕಕ್ಕೆ ಮೊದಲು ಇಪ್ಪತ್ತು ನಿಮಿಷದ ಬಿಡುವು. ಹುಡುಗಿಯರು ಹೊಸ ಕುಪ್ಪಸ ತೊಡುತ್ತಾರೆ. ಸರ್ರನೆ ಜಿಪ್ಪು ಏರುತ್ತದೆ. ಕ್ಲಾವಾ ಕನ್ನಡಕ ಮೂಗಿಗಿಳಿಸಿ ಒಂದು ಜಿಪ್ಪಿನ ಹಲ್ಲುಗಳನ್ನು ಬೆರಳಿನಲ್ಲಿ ಸವರಿ ನೋಡುತ್ತಾರೆ. ಕೆಲಸ ಬಲ್ಲವರಿಗೆ ಇನ್ನೊಬ್ಬರ ಕೆಲಸದ ಮೇಲೆ ಕೋಪ ಬರುವುದಿಲ್ಲ. "ಚೆನ್ನಾಗಿದೆ. ಸುಳ್ಳು ಯಾಕೆ ಹೇಳ್ಬೇಕು," ಎಂದು ಸೂಜಿಯನ್ನು ಏಪ್ರನ್ನಿಗೆ ಚುಚ್ಚಿ ಗೋಡೆಗೊರಗುತ್ತಾರೆ. ಕೈಗೆ ಕೆಲಸವಿಲ್ಲ, ಎಲ್ಲಿಡಬೇಕೆಂದು ತಿಳಿಯುತ್ತಿಲ್ಲ. ಅವರಿಗೆ ಅಳು ಬರುತ್ತಿದೆ, ಬಂದರೂ ತೋರಿಸುವವರಲ್ಲ.

ಆಗ ಸಾಲಿನ ತುದಿಯ ಅಗ್ನಿಯಾ, ಹತ್ತೊಂಬತ್ತರ ಸಣಕಲು ಹುಡುಗಿ, ಬಂದು ಕ್ಲಾವಾ ಅವರ ಜೇಬಿಗೆ ಕೈಹಾಕುತ್ತಾಳೆ. ಕೆಂಪು ದಾರ ಹರಿದು ಹಲ್ಲಿನಲ್ಲಿ ಕಚ್ಚಿ ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ಉಂಡೆ ಅವಳ ಕೈಯಿಂದ ಪಕ್ಕದವಳಿಗೆ, ಅಲ್ಲಿಂದ ಮತ್ತೊಬ್ಬಳಿಗೆ ಹೋಗುತ್ತದೆ.

ನೋನ್ನಾ ಬರುವಷ್ಟರಲ್ಲಿ ಕಾರಿಡಾರಿನುದ್ದಕ್ಕೂ ಇಪ್ಪತ್ತನಾಲ್ಕು ಬೆನ್ನು.

"ಏನಿದು? ಜಿಪ್ ಹಾಕಾಗಿದೆಯಲ್ಲ. ಇನ್ನೇನು ಹೊಲಿಯೋದು?"

ಒಂದು ಬೆನ್ನೂ ತಿರುಗುವುದಿಲ್ಲ.

"ಅಗ್ನಿಯಾ, ನಿನ್ನನ್ನೇ ಕೇಳ್ತಿರೋದು. ಯಾರು ಹೇಳಿಕೊಟ್ರು ನಿಮಗೆ?"

ಹುಡುಗಿಯ ತುಟಿಯ ಅಂಚಿನಲ್ಲಿ ಕೆಂಪು ದಾರದ ತುದಿ ಮಾತ್ರ ಅಲುಗುತ್ತದೆ. ದಾರ ಕಚ್ಚಿದವರು ಮಾತಾಡಬಾರದೆಂದು ನೋನ್ನಾ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕ್ಲಾವಾ ಮೆಲ್ಲಗೆ ಹೇಳುತ್ತಾರೆ, "ಜಿಪ್ಪಿನ ಕಿವಿ ಜಾರದೇ ಇರೋ ಹಾಗೆ ಒಂದೊಂದೇ ಹೊಲಿಗೆ ಹಾಕ್ತೀನಿ. ಅರ್ಧ ನಿಮಿಷ ಸಾಕು."

"ಇಪ್ಪತ್ತನಾಲ್ಕು ಜನ. ಹನ್ನೊಂದು ನಿಮಿಷ ಇದೆ. ಲೆಕ್ಕ ಬರುತ್ತಾ ನಿನಗೆ?" ನೋನ್ನಾ ಬೆನ್ನುಗಳ ಸಾಲನ್ನು ತುದಿಯಿಂದ ತುದಿಗೆ ದಿಟ್ಟಿಸುತ್ತಾರೆ. ಆಮೇಲೆ ಕೋಟಿನ ತೋಳು ಮೇಲೆ ಸರಿಸಿ ಕೈ ಚಾಚುತ್ತಾರೆ. "ಸೂಜಿ ಕೊಡು ಇಲ್ಲಿ. ದಾರ ಪೋಣಿಸೋಕೆ ನಿನಗೆ ಕಣ್ಣೆಲ್ಲಿದೆ? ನಾನು ಪೋಣಿಸ್ತೀನಿ, ನೀನು ಹೊಲಿ."

ಒಬ್ಬರು ಪೋಣಿಸುತ್ತಾರೆ, ಇನ್ನೊಬ್ಬರು ಹೊಲಿಯುತ್ತಾರೆ. ಅಂಕ ಶುರುವಾಗುವ ಸೂಚನೆಯ ಮೂರನೆಯ ಗಂಟೆ ಬಾರಿಸುವಾಗ ಕೊನೆಯ ಬೆನ್ನಿನ ದಾರ ಕತ್ತರಿಸಿ ಆಗಿದೆ. ಹುಡುಗಿಯರು ಹಲ್ಲಿನ ದಾರ ಉಗುಳಿ ಬೆಳಕಿಗೆ ಓಡುತ್ತಾರೆ, ನೆಲದ ತುಂಬ ಕೆಂಪು ಎಳೆಗಳು. ಪರದೆಯ ಮರೆಯಲ್ಲಿ ಇಬ್ಬರೂ ನಿಲ್ಲುತ್ತಾರೆ. ಯಾರೂ ಹೆಜ್ಜೆ ಮರೆಯುವುದಿಲ್ಲ.

"ಕೋಟಿನ ಕಿಟಕಿಗೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ," ಎನ್ನುತ್ತಾರೆ ನೋನ್ನಾ, ಕ್ಲಾವಾ ಅವರ ಮುಖ ನೋಡದೆ. "ಇಲ್ಲಿಗೆ ನಿನಗಿನ್ನೇನು ಬೇಕು, ಈಗಲೇ ಹೇಳಿಬಿಡು."

ಕ್ಲಾವ್ದಿಯಾ ಸವೆಲ್ಯೆವ್ನಾ ಬಗ್ಗಿ ನೆಲದ ಎಳೆಗಳನ್ನು ಒಂದೊಂದಾಗಿ ಹೆಕ್ಕುತ್ತ ಯೋಚಿಸುತ್ತಾರೆ.

"ಕೆಂಪು ದಾರ ಮುಗೀತು," ಎನ್ನುತ್ತಾರೆ. "ಇನ್ನೊಂದು ಉಂಡೆ ತರಿಸಿಕೊಡಿ. ಸ್ವಲ್ಪ ದೊಡ್ಡದು."