ಕೂತಲ್ಲೇ ಪಾಸು ಮಾಡಿದ ಕಂಬ

ಭೂಕಂಪ ತಡೆದುಕೊಳ್ಳುವಂತೆ ಕಾಂಕ್ರೀಟ್ ಸೇತುವೆ ಕಟ್ಟುವುದು ಹೇಗೆಂದು ನಮ್ಮ ಕಡೆಯ ಎಂಜಿನಿಯರುಗಳಿಗೆ ಕಲಿಸುವ ಕೆಲಸ ನನ್ನ ಹೆಗಲಿಗೆ ಬಿತ್ತು. ಕಾರಣ ದೊಡ್ಡದೇನಲ್ಲ. ಆ ವಿಷಯದಲ್ಲಿ ಐದು ದಿನದ ತರಬೇತಿಗೆ ಹೋಗಿ ಬಂದವನು ಆಫೀಸಿನಲ್ಲಿ ನಾನೊಬ್ಬನೇ ಇದ್ದೆ. ಆ ಐದು ದಿನಗಳಲ್ಲಿ ಊಟವಾದ ಮೇಲಿನ ಪಾಠಗಳಿಗೆಲ್ಲ ನಾನು ತೂಕಡಿಸಿದ್ದೆ, ಆದರೆ ಸರ್ಟಿಫಿಕೇಟಿನಲ್ಲಿ ಅದನ್ನು ಬರೆದಿರಲಿಲ್ಲ. ಹೀಗೆ ನಿವೃತ್ತಿಗೆ ಮೂರು ವರ್ಷ ಬಾಕಿ ಇರುವಾಗ, ಮೊಣಕಾಲು ನೋವಿನ ಜೊತೆಗೆ ಮೇಷ್ಟ್ರ ಪಟ್ಟವೂ ನನಗೆ ಅಂಟಿಕೊಂಡಿತು.

ಚಳ್ಳಕೆರೆಯ ಮೀಟಿಂಗ್ ಹಾಲಿನಲ್ಲಿ ಮೊದಲ ದಿನ ಇಪ್ಪತ್ತು ಜನ ಸೇರಿದರು. ಎಲ್ಲರ ಮುಖದಲ್ಲೂ ಒಂದೇ ಪ್ರಶ್ನೆಯಿತ್ತು. ಅದನ್ನು ಬಾಯಿಬಿಟ್ಟು ಕೇಳಿದವನು ಮೊಳಕಾಲ್ಮೂರಿನ ಕಡೆಯ ಒಬ್ಬ ಸಹಾಯಕ ಎಂಜಿನಿಯರ್. ಆಳು ದಪ್ಪ, ದನಿಯೂ ದಪ್ಪ.

"ಸಾರ್, ನಮ್ ಹಳ್ಳಗಳಲ್ಲಿ ನೀರೇ ಅಲ್ಲಾಡಲ್ಲ. ಇನ್ನು ಭೂಮಿ ಅಲ್ಲಾಡ್ತೈತಾ?"

ಹಾಲೆಲ್ಲ ನಕ್ಕಿತು. ಪಕ್ಕದಲ್ಲಿದ್ದ ಸಿದ್ದಾಪುರದವನು ಸೇರಿಸಿದ: "ನಮ್ಮೂರಾಗೆ ಅಶೋಕ ಬರೆಸಿದ ಬಂಡೆ ಇಟ್ಟ ಜಾಗದಾಗೇ ಐತೆ ಸಾರ್."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಬಂಡೆ ಅಲ್ಲಾಡಿಲ್ಲ ನಿಜ. ಆದರೆ ಅದನ್ನ ನೀವು ಕಟ್ಟಿಸಿರಲಿಲ್ಲ" ಎಂದೆ. ಅಲ್ಲಿಂದ ಅವರು ಸ್ವಲ್ಪ ನೆಟ್ಟಗೆ ಕೂತರು. ಭೂಕಂಪದ ನಕ್ಷೆಯಲ್ಲಿ ನಮ್ಮ ಸೀಮೆ ಅಪಾಯ ಕಡಿಮೆ ಇರುವ ಬಣ್ಣದಲ್ಲಿದೆ, ಸುಳ್ಳು ಹೇಳುವುದಿಲ್ಲ. ಆದರೂ ಅಪಾಯ ಇಲ್ಲವೇ ಇಲ್ಲ ಅನ್ನುವ ಬಣ್ಣ ಆ ನಕ್ಷೆಯಲ್ಲಿ ಎಲ್ಲೂ ಇಲ್ಲ ಎಂದು ವಿವರಿಸಿದೆ. ಯಾರೂ ಬರೆದುಕೊಳ್ಳಲಿಲ್ಲ. ಇಪ್ಪತ್ತು ಹೊಸ ನೋಟ್‌ಬುಕ್ಕು, ಇಪ್ಪತ್ತು ಹೊಸ ಪೆನ್ನು ಕೊಟ್ಟಿದ್ದೆವು. ಮೂರನೇ ದಿನ ಬೆಳಿಗ್ಗೆಯೂ ಅವು ಹೊಸವಾಗಿಯೇ ಇದ್ದವು.

ನಾನು ಮುಖ್ಯವಾಗಿ ಕಲಿಸಬೇಕಾಗಿದ್ದದ್ದು ರಿಂಗಿನ ವಿಷಯ. ಸೇತುವೆಯ ಕಂಬದಲ್ಲಿ ಉದ್ದಕ್ಕೆ ನಿಂತ ದಪ್ಪ ಕಬ್ಬಿಣದ ಸುತ್ತ ತೆಳುವಾದ ಕಂಬಿಯನ್ನು ಚೌಕವಾಗಿ ಬಗ್ಗಿಸಿ ಕಟ್ಟುತ್ತಾರಲ್ಲ, ಅದು ರಿಂಗು. ನಮ್ಮ ಕಡೆ ಹಿಂದಿನಿಂದಲೂ ಅದರ ಎರಡು ತುದಿಗಳನ್ನು ಮೂಲೆಯಲ್ಲಿ ಲಂಬಕೋನಕ್ಕೆ ಮಡಚಿ ಬಿಟ್ಟುಬಿಡುವುದು ರೂಢಿ. ಭೂಮಿ ಅಲುಗಿ ಹೊರಗಿನ ಕಾಂಕ್ರೀಟು ಉದುರಿದರೆ ಅಂಥ ತುದಿ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ತುದಿಯನ್ನು ಇನ್ನಷ್ಟು ಬಗ್ಗಿಸಿ ಕಂಬದ ಹೊಟ್ಟೆಯೊಳಕ್ಕೆ ಹೋಗುವಂತೆ ಮಡಚಬೇಕು. ಇಷ್ಟೇ ಸಂಗತಿ. ಕಂಬ ಉಳಿಯುವುದು ಬಿಡುವುದು ಇದರ ಮೇಲೆ.

ಬೋರ್ಡಿನ ಮೇಲೆ ಬರೆದರೆ ಆಕಳಿಸುತ್ತಿದ್ದರು. ಎರಡನೇ ದಿನ ನನಗೊಂದು ಉಪಾಯ ಹೊಳೆಯಿತು. ಆ ದಪ್ಪ ಎಂಜಿನಿಯರನ್ನು ಮುಂದಕ್ಕೆ ಕರೆದು, "ನೀವು ಕಾಂಕ್ರೀಟು" ಎಂದೆ. ಇಬ್ಬರನ್ನು ಅವನ ಸುತ್ತ ನಿಲ್ಲಿಸಿ, ಅಂಗೈಗೆ ಅಂಗೈ ಮುಟ್ಟಿಸಿಕೊಂಡು ಅವನನ್ನು ಬಳಸಿ ಹಿಡಿಯಲು ಹೇಳಿದೆ.

"ಈಗ ಹೊಟ್ಟೆ ಉಬ್ಬಿಸಿ."

ಉಬ್ಬಿಸಿದ. ಅಂಗೈಗಳು ಜಾರಿ ಬಿಟ್ಟುಕೊಂಡವು. "ಇದು ನಿಮ್ಮ ಹಳೇ ರಿಂಗು" ಎಂದೆ. ಆಮೇಲೆ ಬೆರಳಿಗೆ ಬೆರಳು ಹೆಣೆದು ಹಿಡಿಸಿದೆ. ಈ ಸಲ ಅವನು ಮುಖ ಕೆಂಪಾಗುವ ತನಕ ಉಬ್ಬಿಸಿದರೂ ಕೈ ಬಿಡಲಿಲ್ಲ, ಅವನ ಅಂಗಿಯ ಗುಂಡಿ ಮಾತ್ರ ಹಾರಿ ಪ್ರೊಜೆಕ್ಟರಿಗೆ ಬಡಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ನನ್ನ ತಲೆಗೇರಿತು. ಸಂಜೆ ಮನೆಗೆ ಹೋಗಿ ಹೆಂಡತಿಯ ಮುಂದೆಯೂ ಅದನ್ನೇ ಮಾಡಿ ತೋರಿಸಲು ಹೋಗಿ ಬೈಸಿಕೊಂಡೆ.

ಮೂರನೇ ದಿನ ಸ್ಥಳ ಭೇಟಿ. ದೇವಸಮುದ್ರದ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಕ್ಕೆ ನಮ್ಮ ಇಲಾಖೆಯದೇ ಸೇತುವೆ ಏಳುತ್ತಿತ್ತು. ನಡುವಿನ ಕಂಬಕ್ಕೆ ಕಬ್ಬಿಣ ಕಟ್ಟಿ ಮುಗಿದಿತ್ತು, ಮಾರನೇ ದಿನ ಕಾಂಕ್ರೀಟು ಹಾಕುವುದಿತ್ತು. ಅದನ್ನು ತರಬೇತಿ ಶುರುವಾಗುವ ಮುನ್ನಾದಿನ ನಾನೇ ಪಾಸು ಮಾಡಿ ರಿಜಿಸ್ಟರಿಗೆ ಸಹಿ ಹಾಕಿದ್ದೆ. ಹಾಕಿದ ಬಗೆ ಹೇಳಿಬಿಡುತ್ತೇನೆ. ನನ್ನಂಥ ಹಳೆಯ ತಲೆ ಸೈಟಿಗೆ ಹೋದರೆ ಮೊದಲು ಪ್ಲಾಸ್ಟಿಕ್ ಕುರ್ಚಿ ಬರುತ್ತದೆ, ಹಿಂದೆಯೇ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ಕುರ್ಚಿಯಿಂದಲೇ ಕತ್ತೆತ್ತಿ ನೋಡುವುದು. ಒಬ್ಬ ಟೇಪು ಹಿಡಿದು ಅಳತೆ ಕೂಗುತ್ತಾನೆ, ನಾವು ಹೂಂಗುಟ್ಟುತ್ತೇವೆ. ರಿಂಗುಗಳ ನಡುವಿನ ಅಂತರ ಸರಿಯಿತ್ತು, ಲೆಕ್ಕವೂ ಸರಿಯಿತ್ತು. ತುದಿ ನಾನು ನೋಡಲಿಲ್ಲ. ನೋಡಬೇಕೆಂದರೆ ಎದ್ದು ಹತ್ತಿರ ಹೋಗಬೇಕಿತ್ತು, ಬಜ್ಜಿ ಬಿಸಿಯಾಗಿತ್ತು.

ನಮ್ಮ ಮಿನಿ ಬಸ್ಸು ಹಳ್ಳದ ದಂಡೆಯಲ್ಲಿ ನಿಂತಾಗ ಬಿಸಿಲು ಏರಿತ್ತು. ಎಲ್ಲರೂ ಕಂಬದ ನೆರಳು ಹುಡುಕಿದರು, ಬರೀ ಕಬ್ಬಿಣದ ಕಂಬಕ್ಕೆ ಎಲ್ಲಿಯ ನೆರಳು. ನಾನು ಮಾತ್ರ ಹುರುಪಿನಲ್ಲಿ, "ನೋಡಿ, ಹಾಲ್‌ನಲ್ಲಿ ಹೇಳಿದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ" ಎಂದು ಶುರು ಮಾಡಿದೆ.

ಗೌರಸಮುದ್ರದ ರೈತರ ಮನೆಯ ಹುಡುಗಿಯೊಬ್ಬಳು ಆ ವರ್ಷವೇ ಕೆಲಸಕ್ಕೆ ಸೇರಿದ್ದಳು. ಎರಡು ದಿನ ಹಿಂದಿನ ಸಾಲಿನಲ್ಲಿ ಕೂತು ತುಟಿ ಬಿಚ್ಚಿರಲಿಲ್ಲ. ನಾನು ಮಾತಾಡುತ್ತಿರುವಾಗಲೇ ಅವಳು ಚಪ್ಪಲಿ ಬಿಟ್ಟು ಅಟ್ಟಣಿಗೆ ಹತ್ತಿ ಕಂಬದ ಸುತ್ತ ಒಂದು ಸುತ್ತು ಹಾಕಿ ಬಗ್ಗಿ ನೋಡಿದಳು.

"ಸಾರ್, ಇವು ಬರೀ ಅಂಗೈ ಮುಟ್ಟಿಸ್ಕೊಂಡು ನಿಂತಾವೆ. ಬೆರಳು ಹೆಣೆದಿಲ್ಲ."

"ಯಾವುದಮ್ಮ?"

"ಎಲ್ಲಾವೂ ಸಾರ್. ಕೆಳಗಿಂದ ಮೇಲಿನ ತನಕ."

ಮೇಲೆ ಕೂತಿದ್ದ ಕೂಲಿಯವನು ಪಕ್ಕದವನಿಗೆ ಮೆಲ್ಲಗೆ, "ಅಯಿಪೋಯಿಂದಿ" ಎಂದ. ಕತೆ ಮುಗೀತು ಅಂತ. ಅಷ್ಟು ತೆಲುಗು ನಮ್ಮ ಕಡೆ ಎಲ್ಲರಿಗೂ ಬರುತ್ತದೆ.

ನಾನು ಹೋಗಿ ನೋಡಿದೆ. ಒಂದೊಂದು ತುದಿಯೂ ಹಳೆಯ ರೂಢಿಯಂತೆ ಮೂಲೆಯಲ್ಲಿ ಲಂಬಕೋನಕ್ಕೆ ಮಡಚಿ ನಿಂತಿತ್ತು. ಇಪ್ಪತ್ತು ಜನ ನನ್ನ ಬೆನ್ನನ್ನೇ ನೋಡುತ್ತಿದ್ದಾರೆಂದು ಬೆನ್ನಿಗೇ ಗೊತ್ತಾಯಿತು. ಇಂಥ ಹೊತ್ತಿನಲ್ಲಿ ನನಗೆ ಮೊದಲು ಒದಗುವುದು ಕೂಗಾಟ.

"ಎಲ್ರೀ ಮೇಸ್ತ್ರಿ?"

ಮೇಸ್ತ್ರಿ ಚಳ್ಳಕೆರೆಯ ಸಾಬರು, ನನಗಿಂತ ಹಿರಿಯರು. ಕಬ್ಬಿಣ ಬಗ್ಗಿಸಿ ಬಗ್ಗಿಸಿ ಅವರ ಬಲಗೈ ಎಡಗೈಗಿಂತ ದಪ್ಪಗಾಗಿತ್ತು. ಟೋಪಿ ಸರಿ ಮಾಡಿಕೊಳ್ಳುತ್ತ ಬಂದರು.

"ಏನ್ರೀ ಇದು? ಡ್ರಾಯಿಂಗ್ ನೋಡೋಕೆ ಬರಲ್ವೇನ್ರೀ ನಿಮಗೆ? ನಾಳೆ ಕಾಂಕ್ರೀಟ್ ಹಾಕಿದ್ರೆ ಏನು ಗತಿ?"

ಅವರು ಕಂಬ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಹಿಂದೆ ನಿಂತಿದ್ದ ಇಪ್ಪತ್ತು ಜನರನ್ನು ನೋಡಿದರು.

"ತಪ್ಪಾಯ್ತು ಸಾರ್. ನಂದೇ ತಪ್ಪು."

ಅವರು ನನ್ನ ಮುಖ ನೋಡಿದ ಆ ಒಂದು ಗಳಿಗೆಯಲ್ಲೇ ನನಗೆ ನೆನಪಾಗಿತ್ತು. ತಿಂಗಳ ಹಿಂದೆ ಇದೇ ಸೈಟಿನಲ್ಲಿ, ನಾನು ಜೀಪು ಹತ್ತುವಾಗ, ಅವರು ಕೈಯಲ್ಲೊಂದು ರಿಂಗು ಹಿಡಿದುಕೊಂಡು ಓಡಿ ಬಂದು ಕೇಳಿದ್ದರು: "ಸಾರ್, ಡ್ರಾಯಿಂಗ್‌ನಾಗೆ ತುದಿ ಒಳಕ್ಕೆ ಮಡಚಿದಂಗೆ ಐತೆ. ಹೆಂಗೆ ಮಾಡ್ಲಿ?" ನಾನು ಫೋನಿನಲ್ಲಿದ್ದೆ. ಇನ್ನೊಂದು ಕಡೆ ಮೀಟಿಂಗಿಗೆ ತಡವಾಗಿತ್ತು. "ಯಾವಾಗ್ಲೂ ಮಾಡೋ ಹಂಗೇ ಮಾಡ್ರಿ" ಎಂದು ಬಾಗಿಲು ಹಾಕಿಕೊಂಡಿದ್ದೆ. ಆ ಮೀಟಿಂಗು ಈ ತರಬೇತಿಯ ತಯಾರಿಗೆ ಕರೆದದ್ದು.

ಕಂಟ್ರಾಕ್ಟರನ ಕಡೆಯ ಸೂಪರ್‌ವೈಸರ್ ಇಷ್ಟಕ್ಕೇ ಕಾದಿದ್ದವನಂತೆ ಮುಂದೆ ಬಂದ. ಮೇಸ್ತ್ರಿಯ ಮಗನ ವಯಸ್ಸಿನವನು.

"ಸಾರ್, ನಾಳೆಯಿಂದ ಇವರನ್ನ ಬರಬ್ಯಾಡ್ರಿ ಅಂತೀನಿ. ಬಳ್ಳಾರಿಯಿಂದ ಬೇರೆ ಗ್ಯಾಂಗ್ ಕರೆಸ್ತೀನಿ. ವಯಸ್ಸಾತು ಇವರಿಗೆ, ಕಣ್ಣು ಕಾಣಲ್ಲ."

ಮೇಸ್ತ್ರಿ ಬಗ್ಗಿ ತಮ್ಮ ಕೆಲಸದ ಸಾಮಾನುಗಳನ್ನು ಒಂದೊಂದಾಗಿ ಗೋಣಿಚೀಲಕ್ಕೆ ಹಾಕತೊಡಗಿದರು.

ನಾನು ಸುಮ್ಮನಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಸುಮ್ಮನಿದ್ದೆ. ಅದೇ ಪ್ಲಾಸ್ಟಿಕ್ ಕುರ್ಚಿ ಬಂತು, ಕೂತೆ. ಚಹಾ ಬಂತು, ಕುಡಿದೆ. ಮನಸ್ಸು ಏನೇನೋ ಲೆಕ್ಕ ಹಾಕುತ್ತಿತ್ತು. ಹುಡುಗರ ಮುಂದೆ ಮರ್ಯಾದೆ ಹೋದರೆ ಉಳಿದ ಎರಡು ದಿನ ಪಾಠ ಹೇಗೆ ಮಾಡುವುದು. ಮೇಸ್ತ್ರಿಗೆ ಬೇರೆ ಸೈಟು ಸಿಗದೇ ಇರುತ್ತದೆಯೆ. ಅವರೇ ಒಪ್ಪಿಕೊಂಡಿದ್ದಾರಲ್ಲ, ನಾನೇಕೆ ಬಾಯಿ ಹಾಕಲಿ. ಇಷ್ಟೆಲ್ಲ ಯೋಚಿಸುವಾಗ ಆ ಹುಡುಗಿ ಅಟ್ಟಣಿಗೆಯಿಂದ ಇಳಿದು ಬಂದು, ತಾನು ಬಾಯಿಬಿಟ್ಟಿದ್ದಕ್ಕೇ ಇದೆಲ್ಲ ಆಯಿತೇನೋ ಅನ್ನುವ ಮುಖ ಮಾಡಿಕೊಂಡು ಮೇಸ್ತ್ರಿಯ ಪಕ್ಕ ನಿಂತಳು. "ತಾತ, ನಾನು ನಿಮ್ಮ ಮ್ಯಾಲೆ ಹೇಳಿದ್ದಲ್ರಿ" ಎಂದಳು. ಅವರು, "ನೀನು ಸರೀಗೇ ಹೇಳಿದ್ಯಮ್ಮ" ಎಂದು ಚೀಲದ ಬಾಯಿ ಕಟ್ಟಿದರು.

ಚೀಲ ಹೆಗಲಿಗೇರುವುದನ್ನು ನೋಡಿದಾಗ ನನಗೆ ತಡೆಯಲಾಗಲಿಲ್ಲ.

"ಮೇಸ್ತ್ರಿ, ನಿಲ್ರಿ" ಎಂದೆ. ಎದ್ದು ನಿಂತೆ. "ಇವರು ಡ್ರಾಯಿಂಗ್ ಸರಿಯಾಗಿ ನೋಡಿದ್ರು. ಹೆಂಗೆ ಮಾಡ್ಲಿ ಅಂತ ನನ್ನನ್ನ ಕೇಳಿದ್ರು. ಯಾವಾಗ್ಲೂ ಮಾಡೋ ಹಂಗೇ ಮಾಡ್ರಿ ಅಂದಿದ್ದು ನಾನು. ಆಮೇಲೆ ಬಂದು, ಈ ಕುರ್ಚಿ ಬಿಟ್ಟು ಏಳದೆ, ಪಾಸು ಮಾಡಿದ್ದೂ ನಾನೇ."

ಸೂಪರ್‌ವೈಸರ್ ತನ್ನ ಬೂಟು ನೋಡಿಕೊಂಡ. ಆಗ ಎಲ್ಲೋ ಒಂದು ಪೆನ್ನಿನ ಮುಚ್ಚಳ ಬಿಚ್ಚಿದ ಸದ್ದಾಯಿತು, ಆಮೇಲೆ ಇನ್ನೊಂದು. ಮೂರು ದಿನ ಒಂದಕ್ಷರ ಬರೆಯದ ಇಪ್ಪತ್ತು ಜನರೂ ನೋಟ್‌ಬುಕ್ಕು ತೆಗೆದು ಬರೆಯುತ್ತಿದ್ದರು. ದಪ್ಪ ಎಂಜಿನಿಯರಂತೂ, "ಸಾರ್, ಕುರ್ಚಿ ಆದ್ಮೇಲೆ ಏನಂದ್ರಿ?" ಎಂದು ಕೇಳಿದ. ಎಲ್ಲಿಯಾದರೂ ಹೂತುಹೋಗೋಣ ಅನ್ನಿಸಿತು.

ರಿಜಿಸ್ಟರ್ ತರಿಸಿ, ನನ್ನ ಸಹಿಯ ಕೆಳಗೇ, ಈ ಕಂಬ ಪಾಸಾಗಿಲ್ಲ, ನನ್ನ ಬಾಯಿಮಾತಿನಿಂದ ಹೀಗಾಗಿದೆ, ಹೊಸ ರಿಂಗು ಕಟ್ಟಬೇಕು ಎಂದು ಬರೆದೆ. ಸೂಪರ್‌ವೈಸರನಿಗೆ, ರಿಂಗು ಕಟ್ಟುವವರು ಇದೇ ಮೇಸ್ತ್ರಿಯೇ ಎಂದೂ ಹೇಳಿದೆ. ಅವನು ತಲೆಯಾಡಿಸಿದ.

ಮೇಸ್ತ್ರಿ ಮಾತ್ರ ಇದ್ದಲ್ಲೇ ನಿಂತಿದ್ದರು. ಚೀಲ ಇಳಿಸಿರಲಿಲ್ಲ. ನನಗೆ ಅಳುಕಾಯಿತು. ಹತ್ತಿರ ಹೋಗಿ, "ತಪ್ಪಾಯ್ತು ಮೇಸ್ತ್ರಿ" ಎಂದೆ.

ಅವರು ನನ್ನನ್ನೇ ನೋಡಿದರು. ಕೋಪವೋ ನಗುವೋ ತಿಳಿಯಲಿಲ್ಲ.

"ಸಾರ್, ನಲವತ್ತು ವರ್ಷದಿಂದ ಈ ಮಾತು ನಾನೇ ಹೇಳ್ಕೊಂಡು ಬಂದೀನಿ. ನಂಗೆ ಯಾರೂ ಅಂದಿದ್ದಿಲ್ಲ. ಇದಕ್ಕೆ ವಾಪಸ್ ಏನು ಹೇಳ್ಬೇಕು ಅಂತ ಗೊತ್ತಾಗ್ತಿಲ್ಲ." ಚೀಲ ಇಳಿಸಿ ನೆಲಕ್ಕಿಟ್ಟರು. "ರಿಂಗ್ ಬಿಚ್ಚಲಾ?"

ಬಿಚ್ಚಿ ಅಂದೆ. ದನಿ ಸರಿಯಾಗಿ ಹೊರಡಲಿಲ್ಲ. ಇಪ್ಪತ್ತು ಜನ ಅದನ್ನೂ ಬರೆದುಕೊಂಡಾರು ಎಂದು, ಧೂಳಿಗೆ ಕೆಮ್ಮಿದವನಂತೆ ಎರಡು ಸಲ ಜೋರಾಗಿ ಕೆಮ್ಮಿದೆ.