ಗುಲಾಬಿ ಬಣ್ಣದ ಕೈಗಳು

ಕಳೆದ ತಿಂಗಳು ಬೀದರಿನಲ್ಲಿ ಕೆಳಸಾಲಿನ ಹಲ್ಲು ಕಟ್ಟಿಸಿಕೊಳ್ಳಲು ಹೋಗಿದ್ದೆ. ಬಾಯಿ ತೆರೆದುಕೊಂಡು ಕುರ್ಚಿಯಲ್ಲಿ ಒರಗಿದ್ದಾಗ ಒಳಕೋಣೆಯಲ್ಲಿ ಯಾರೋ ಬಾಟಲಿಯ ಮುಚ್ಚಳ ತೆಗೆದರು. ಉಗುರುಬಣ್ಣದಂಥ ಸಿಹಿ ವಾಸನೆ. ಅದಕ್ಕಿಂತಲೂ ಚೂಪು, ನೇರ ಹಣೆಗೇ ಹತ್ತುವಂಥದ್ದು. "ತ್ರಾಸ ಆಯ್ತೇನ್ರಿ?" ಎಂದು ಡಾಕ್ಟರು ಕೈ ಹಿಂದೆ ತೆಗೆದುಕೊಂಡರು. ಇಲ್ಲವೆಂದು ತಲೆಯಾಡಿಸಿದೆ. ಕಣ್ಣಲ್ಲಿ ನೀರು ಬಂದದ್ದು ಯಾಕೆಂದು ಆ ಹುಡುಗ ಡಾಕ್ಟರಿಗೆ ಹೇಗೆ ಹೇಳಲಿ...

ಆ ವಾಸನೆ ತುಂಬಿದ್ದ ಒಂದು ಮನೆಯಲ್ಲಿ ನಾನು ಎರಡು ವರ್ಷ ಬಾಡಿಗೆಗೆ ಇದ್ದೆ. ಭಾಲ್ಕಿಯಲ್ಲಿ, ಮೂವತ್ತು ವರ್ಷದ ಹಿಂದೆ. ಖಟಕ ಚಿಂಚೋಳಿಯ ಸಾಲೆಗೆ ಹೊಸದಾಗಿ ನೇಮಕವಾಗಿತ್ತು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ವಾಪಸು. ಮಹಡಿಯ ಮೇಲೆ ನನ್ನ ಕೋಣೆ, ಕೆಳಗೆ ಮನೆಯ ಯಜಮಾನರು ಮತ್ತು ಅವರ ಹೆಂಡತಿ. ಓಣಿಯವರೆಲ್ಲ ಅವರನ್ನು ಕಾಕಾ, ಕಾಕು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ಅವರಿಗೆ ನಾನು ಅಕ್ಕೋರು, ಸಾಲೆಯ ಟೀಚರು.

ಕಾಕಾ ಹಲ್ಲಿನ ಸೆಟ್ಟು ಮಾಡುವವರು. ಮೂವತ್ತು ವರ್ಷ ಡಾಕ್ಟರುಗಳ ಕೈಕೆಳಗೆ ದುಡಿದು, ಆಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಮೇಜು ಹಾಕಿಕೊಂಡಿದ್ದರು. ಸಣ್ಣ ಮೈಯ, ಮೆತ್ತಗೆ ಮಾತಾಡುವ ಮನುಷ್ಯ. ಬಂದವರ ಮುಖಕ್ಕಿಂತ ಮೊದಲು ಬಾಯಿ ನೋಡುತ್ತಿದ್ದರು. ಆ ಕೋಣೆಯ ಗೋಡೆಗೆ ಹಲ್ಲುಗಳನ್ನು ಇಡಲೆಂದು ಮಾಡಿಸಿದ ಒಂದು ಕಪಾಟು ಇತ್ತು, ತಗಡಿನ ಚಪ್ಪಟೆ ಡ್ರಾಯರುಗಳದ್ದು. ನಾನು ಬಂದ ವಾರವೇ ಕಾಕಾ ಅದರ ಒಂದು ಡ್ರಾಯರು ಎಳೆದು, "ಅಕ್ಕೋರೆ, ನೋಡ್ರಿಲ್ಲಿ" ಎಂದರು. ಹಲ್ಲು ಇರಬೇಕೆಂದು ಬಗ್ಗಿದೆ. ಒಳಗೆ ಅರಿವೆಯ ಮೇಲೆ ಸಾಲಾಗಿ ಮಲಗಿಸಿದ ಪುಟ್ಟ ಗೊಂಬೆಗಳು.

ಹೆಬ್ಬೆರಳಿನಷ್ಟು ಉದ್ದ. ಚೌಕ ಹೆಗಲು, ದುಂಡನೆಯ ಹಳದಿ ತಲೆ, ಮುಖದಲ್ಲಿ ಎರಡು ಚುಕ್ಕೆ, ಒಂದು ನಗೆ. ಇಟ್ಟಿಗೆಯಂಥ ಪ್ಲಾಸ್ಟಿಕ್ ತುಂಡುಗಳನ್ನು ಒಂದಕ್ಕೊಂದು ಒತ್ತಿ ಮನೆ, ರೈಲು, ಕೋಟೆ ಕಟ್ಟುವ ಪರದೇಶದ ಆಟಿಕೆ ಇದೆಯಲ್ಲ, ಅದರ ಜೊತೆಗೆ ಬರುವ ಜನ. ರೈಲಿನ ಡ್ರೈವರು, ಬೆಂಕಿ ಆರಿಸುವವನು, ಈಟಿ ಹಿಡಿದ ಸಿಪಾಯಿ. ಕಾಕಾ ಸಗಟಿನಲ್ಲಿ ಹಲ್ಲು ಕೊಳ್ಳಲು ಮುಂಬೈಗೆ ಹೋದಾಗಲೆಲ್ಲ ಹಳೆ ಸಾಮಾನಿನ ಬಜಾರಿನಲ್ಲಿ ಅರ್ಧ ದಿನ ಕೂತು, ಪ್ಲಾಸ್ಟಿಕ್ ರಾಶಿಯಿಂದ ಇವನ್ನು ಹೆಕ್ಕಿ ತರುತ್ತಿದ್ದರು. ಮೊದಲನೆಯದಕ್ಕೆ ಎರಡೂ ಕೈ ಇರಲಿಲ್ಲವಂತೆ. ಕೆಲಸಕ್ಕೆ ಬಾರದ್ದೆಂದು ಅಂಗಡಿಯವನು ಪುಕ್ಕಟೆ ಕೊಟ್ಟಿದ್ದ.

"ಇವಕ್ಕ ಒಂದ್ ಹಲ್ಲಿಲ್ಲ. ಆದ್ರೂ ಹ್ಯಾಂಗ ನಗ್ಲತ್ತಾವ ನೋಡ್ರಿ" ಎಂದು ಕಾಕಾ ಆ ದಿನ ನಕ್ಕಿದ್ದರು.

ಆ ಗೊಂಬೆಗಳಲ್ಲಿ ಬೇಗ ಹೋಗುವುದು ಕೈ. ಕೊಕ್ಕೆಯಂತೆ ಬಾಗಿದ ಅಂಗೈ ಮೊದಲು ಸೀಳುತ್ತದೆ, ಆಮೇಲೆ ತೋಳಿನ ಬುಡ, ಆಮೇಲೆ ಕಂಕುಳ ಕೆಳಗೆ ಎದೆಯೇ ಬಿರಿಯುತ್ತದೆ. ಕಾಕಾ ಒಂದು ಒಳ್ಳೆಯ ಕೈಯನ್ನು ಪ್ಲಾಸ್ಟರಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಿದ್ದರು. ಹಲ್ಲಿನ ಸೆಟ್ಟಿಗೆ ಹಾಕುವ ಪುಡಿಗೆ ಆ ಚೂಪು ವಾಸನೆಯ ದ್ರವ ಬೆರೆಸಿ, ಬೆರಳಲ್ಲೇ ಕಣಕದಂತೆ ನಾದಿ, ಅಚ್ಚಿಗೆ ತುಂಬಿ, ನೀರಿನಲ್ಲಿ ಕುದಿಸುತ್ತಿದ್ದರು. ಹೊರಬಂದ ಕೈಗೆ ಒಸಡಿನ ಬಣ್ಣ. ಹೀಗಾಗಿ ಅವರ ಬಳಿಯಿದ್ದ ಅರ್ಧದಷ್ಟು ಗೊಂಬೆಗಳು ಹಳದಿ ಮುಖ, ಗುಲಾಬಿ ಕೈ. ಬೇರೆ ಬಣ್ಣ ಹಚ್ಚಬಾರದೇ ಎಂದು ಕೇಳಿದ್ದಕ್ಕೆ, "ಯಾಕ್ರಿ? ಮುರದಿತ್ತು, ನಾ ಮಾಡೀನಿ. ಮುಚ್ಚೋದೇನದ?" ಎಂದಿದ್ದರು.

ಎರಡನೇ ವರ್ಷವೂ ಮಳೆ ಬರಲಿಲ್ಲ.

ನನ್ನ ತರಗತಿಯಲ್ಲಿ ದೀಪಾವಳಿಗೆ ಮೊದಲು ನಲವತ್ತು ಮಕ್ಕಳಿದ್ದವು, ಸಂಕ್ರಾಂತಿಗೆ ಹನ್ನೊಂದು. ಕಬ್ಬು ಕಡಿಯಲು ಗಡಿಯಾಚೆ ಹೋದವರು, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋದವರು. ಹಾಜರಿ ಕರೆಯುವಾಗ ಉತ್ತರ ಬಾರದ ಹೆಸರುಗಳೇ ಹೆಚ್ಚು. ಕೊನೆಗೆ ಹೆಸರು ಕರೆಯುವುದನ್ನೇ ಬಿಟ್ಟು, ಇದ್ದವರನ್ನು ಕಣ್ಣಲ್ಲೇ ನೋಡಿ ಬರೆದುಕೊಳ್ಳತೊಡಗಿದೆ. ಹಲಬರ್ಗಾ ಕಡೆಯಿಂದ ಬರುವ ಬಸ್ಸುಗಳ ಮೇಲೆ ಹಾಸಿಗೆ, ಕೊಡ, ಕಟ್ಟಿದ ಕೋಳಿ. ಭಾಲ್ಕಿಯಲ್ಲಿ ನಮ್ಮ ಓಣಿಗೆ ಟ್ಯಾಂಕರು ಮೊದಲು ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಆಮೇಲೆ ಎಂಟು ದಿನಕ್ಕೊಮ್ಮೆ... ಆಮೇಲೆ ಬಂದಾಗ ಬಂತು.

ಆ ಬೇಸಿಗೆಯಲ್ಲಿ ಗೊಂಬೆಗಳು ಒಡೆಯತೊಡಗಿದವು. ಯಾರೂ ಮುಟ್ಟದೆ, ತಮ್ಮಷ್ಟಕ್ಕೆ. ಮಧ್ಯಾಹ್ನ ಮನೆಯೆಲ್ಲ ಸದ್ದಿಲ್ಲದೆ ಇರುವಾಗ ಕಪಾಟಿನೊಳಗಿಂದ 'ಟಿಕ್' ಎಂದು ಕೇಳುತ್ತಿತ್ತು. ಕಾಕಾ ಊಟದ ತಾಟಿನ ಮುಂದೆ ಕೂತಿದ್ದರೂ ಎದ್ದು ಹೋಗಿ ಒಂದೊಂದೇ ಡ್ರಾಯರು ಎಳೆದು ನೋಡುತ್ತಿದ್ದರು. "ಹಳೀ ಪ್ಲಾಸ್ಟಿಕ್, ಒಣ ಹವಾ. ಏನ್ ಮಾಡ್ಲಿಕ್ಕಾಗ್ತದ" ಎನ್ನುತ್ತ ಮತ್ತೆ ಮೇಜಿನ ಮೇಲಿನ ಸ್ಪಿರಿಟ್ ದೀಪ ಹಚ್ಚುವರು. ಅಚ್ಚು ಕುದಿಸಲು ಒಂದೇ ಪಾತ್ರೆಯ ನೀರನ್ನು ವಾರಗಟ್ಟಲೆ ಬಳಸಿ ಅದು ಸುಣ್ಣದ ನೀರಿನ ಹಾಗೆ ಬೆಳ್ಳಗಾಗಿತ್ತು. ಹಲ್ಲು ಕಟ್ಟಿಸಿಕೊಳ್ಳಲು ಬಂದವರನ್ನು ಆಮೇಲೆ ಬನ್ನಿರೆಂದು ಕಳಿಸುತ್ತಿದ್ದರು. ಆ ದ್ರವದ ಬಾಟಲಿಗಳು ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಮಂಚದ ಕೆಳಗೆ ಹರಡಿದವು. ಕಾಕು ಮೂಗಿಗೆ ಸೆರಗು ಹಿಡಿದುಕೊಂಡೇ ಒಲೆ ಹಚ್ಚುತ್ತಿದ್ದರು.

ಒಂದು ರವಿವಾರ ನಾನು ಬಾಡಿಗೆ ಕೊಡಲು ಕೆಳಗಿಳಿದಾಗ ಕಾಕಾ ಸ್ಪಿರಿಟ್ ದೀಪದ ಮುಂದೆ ಗೊಂಬೆಯ ಒಂದು ತೋಳು ಹಿಡಿದು ಕೂತಿದ್ದರು. ನನ್ನ ಕಡೆ ತಿರುಗಿ ಮಾತಾಡುತ್ತಿದ್ದರು. ಖಟಕ ಚಿಂಚೋಳಿಯ ಬಾವಿಯ ಸುದ್ದಿ ಕೇಳಿದರೆಂದು ನೆನಪು. ಸುಟ್ಟ ಕೂದಲಿನಂಥ ವಾಸನೆ ಬಂತು. ನೋಡಿದರೆ ಅವರ ತೋರುಬೆರಳು ಉರಿಯೊಳಗಿತ್ತು. ಅವರು ಮಾತಾಡುತ್ತಲೇ ಇದ್ದರು.

ನಾನು ಕೂಗಿಕೊಂಡೆ. ಕಾಕಾ ಬೆರಳು ತೆಗೆದು, ಬೇರೆ ಯಾರದೋ ಎಂಬಂತೆ ಅದನ್ನು ನೋಡಿದರು.

"ಎಷ್ಟ್ ದಿನದಿಂದ ಹಿಂಗಾಗ್ಯಾದ್ರಿ ಕಾಕಾ?"

"ಎರಡ್ ವರ್ಷ ಆಗಿರಬೇಕ್ರಿ. ಮೊದ್ಲ ತುದಿಗಿ ಜುಮ್ ಅಂತಿತ್ತು. ಈಗ ಏನೂ ಇಲ್ಲ." ಒಳಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಆಕಿಗಿ ಹೇಳಬ್ಯಾಡ್ರಿ ಅಕ್ಕೋರೆ. ಹೇಳಿದ್ರ ಇದೆಲ್ಲಾ ಬಂದ್ ಮಾಡಸ್ತಾಳ. ಇವು ಹಿಂಗೇ ಒಡಕೊಂತ ಹೋಗ್ತಾವ."

ನಾನು ಹೂಂ ಎಂದೆ. ಹಿರಿಯರು ಕೇಳಿದರು, ಹೂಂ ಎಂದೆ, ಅಷ್ಟೆ. ಆಮೇಲೆ ಬಸ್ಸಿನಲ್ಲಿ ಆ ಬೆರಳು ನೆನಪಾದಾಗಲೆಲ್ಲ ಕಿಟಕಿಯಾಚೆ ನೋಡುತ್ತಿದ್ದೆ.

ಏಪ್ರಿಲ್‌ನಲ್ಲಿ ಪುಣೆಯಿಂದ ಕಾಕುವಿನ ಮಗಳ ಫೋನು. ಮಳೆಗಾಲದವರೆಗೆ ಇಬ್ಬರೂ ಬಂದುಬಿಡಿ, ನೀರಿಲ್ಲದ ಊರಲ್ಲಿ ಯಾಕೆ ಇರುತ್ತೀರಿ ಎಂದು. ಕಾಕು ಗಂಟು ಕಟ್ಟಿದರು. ಕಾಕಾ ಮಾತ್ರ ಎಂಟು ದಿನ ಬಿಟ್ಟು ಬರುತ್ತೇನೆಂದರು. ಬಿರಿದ ಗೊಂಬೆಗಳು ಬಸ್ಸಿನ ಕುಲುಕಾಟ ತಡೆಯುವುದಿಲ್ಲ, ಅವನ್ನು ಸರಿಮಾಡಿ ಹತ್ತಿಯಲ್ಲಿ ಸುತ್ತಿ ತರುತ್ತೇನೆ ಎಂದು ಹಟ.

ಹೊರಡುವ ದಿನ ಬೆಳಿಗ್ಗೆ ಕಾಕು ಮಹಡಿ ಹತ್ತಿ ಬಂದರು. ಮಂಡಿನೋವಿನ ಹೆಂಗಸು, ಅದುವರೆಗೆ ಒಮ್ಮೆಯೂ ಮೇಲೆ ಬಂದವರಲ್ಲ. ಬಾಗಿಲಲ್ಲೇ ನಿಂತು ಉಸಿರು ಬಿಟ್ಟು ಕೇಳಿದರು.

"ಅವರ ಕೈಗಿ ಏನರೇ ಆಗ್ಯಾದೇನ್ರಿ ಅಕ್ಕೋರೆ? ನಿಮಗೇನರೇ ಗೊತ್ತದೇನು?"

"ಇಲ್ರಿ ಕಾಕು" ಎಂದೆ. "ನಂಗೇನ್ ಗೊತ್ತಿಲ್ರಿ."

ನನ್ನ ಮುಖ ನೋಡಿದರು. ಮತ್ತೆ ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಆರನೆಯ ದಿನ, ಮಧ್ಯಾಹ್ನ. ಬೇಸಿಗೆಯ ಅರ್ಧ ದಿನದ ಸಾಲೆ ಮುಗಿಸಿ ಬಸ್ಸಿಳಿದು ಓಣಿಗೆ ತಿರುಗಿದರೆ ಜನ. ನಮ್ಮ ಮನೆಯ ಮುಂದಿನ ಕೋಣೆಯಿಂದ ಕಪ್ಪು ಹೊಗೆ, ಅದರೊಳಗೆ ಆ ಸಿಹಿ ವಾಸನೆ. ದ್ರವದ ಬಾಟಲಿ ವಾಲಿ ಮುಂಗೈ ಮೇಲೆಲ್ಲ ಹರಿದದ್ದು ಕಾಕಾಗೆ ಗೊತ್ತೇ ಆಗಿರಲಿಲ್ಲ. ಅದೇ ಕೈಯಿಂದ ದೀಪ ಹಚ್ಚಿದ್ದರು. ಟ್ಯಾಂಕರು ಬಂದು ಒಂಬತ್ತು ದಿನವಾಗಿತ್ತು. ಜನ ಮರಳು ತೂರುತ್ತಿದ್ದರು. ಎದುರುಮನೆಯವರು ಕುಡಿಯುವ ನೀರಿನ ಕೊಡವನ್ನೇ ತಂದು ಸುರಿದರು. ಅದು ಎಲ್ಲಿ ಸಾಲುತ್ತದೆ...

ಯಾರೋ ಕಾಕಾನನ್ನು ಹೊರಗೆ ಎಳೆದು ತಂದಿದ್ದರಂತೆ. ಹಿಡಿದವರ ಕೈ ಸಡಿಲವಾದ ಕೂಡಲೇ ಮತ್ತೆ ಒಳಗೆ ನುಗ್ಗಿದ್ದರು. ನಾನು ಗುಂಪು ಸೀಳಿ ಮುಂದೆ ಬರುವುದಕ್ಕೂ ಅವರು ಬಾಗಿಲಲ್ಲಿ ಕಾಣಿಸುವುದಕ್ಕೂ ಸರಿಹೋಯಿತು. ಎರಡೂ ಕೈಯಲ್ಲಿ ಒಂದು ತಗಡಿನ ಡ್ರಾಯರು. ಒಬ್ಬ ಹೆಂಗಸು ಚಿಟ್ಟನೆ ಚೀರಿ ಮುಖ ಮುಚ್ಚಿಕೊಂಡಳು. ಕಾಕಾ ನನ್ನನ್ನು ನೋಡಿ ನೇರ ನನ್ನ ಬಳಿಗೆ ಬಂದರು.

"ಒಂದ್ ಡ್ರಾಯರ್ ಉಳದದ ಅಕ್ಕೋರೆ. ಹಿಡೀರಿ."

"ಕಾಕಾ, ಅದನ್ನ ಬಿಡ್ರಿ... ಕೈ ನೋಡ್ರಿ... ನಿಮ್ ಕೈ..."

"ಕೈಗೇನಾಗ್ಯಾದ?" ಎಂದರು.

ಡ್ರಾಯರನ್ನು ಅವರ ಅಂಗೈಗಳಿಂದ ಬಿಡಿಸಲು ಇಬ್ಬರು ಬೇಕಾದರು. ಅದರೊಳಗೆ ಗೊಂಬೆಗಳಿರಲಿಲ್ಲ. ಹಳದಿ, ಕೆಂಪು, ನೀಲಿ ಎಲ್ಲ ಕೂಡಿದ ಒಂದು ಗಟ್ಟಿ ಇತ್ತು, ಇನ್ನೂ ಹೊಗೆಯಾಡುತ್ತಿತ್ತು. ಅದರ ಮೇಲೆ ಅಲ್ಲಲ್ಲಿ ಗುಲಾಬಿ ಬಣ್ಣದ ಸಣ್ಣ ಕೊಕ್ಕೆಗಳು ಕರಗದೆ ಮೇಲೆದ್ದು ನಿಂತಿದ್ದವು. ಕಾಕಾ ಮಾಡಿದ ಕೈಗಳು ಆ ಬಿಸಿಯನ್ನು ತಡೆದುಕೊಂಡಿದ್ದವು.

ಜೀಪಿನಲ್ಲಿ ಬೀದರಿನ ಆಸ್ಪತ್ರೆಗೆ ಒಯ್ದರು. ಆ ದ್ರವ ವರ್ಷಗಟ್ಟಲೆ ಬೆರಳಿಗೆ ಹತ್ತಿ ನರಗಳು ಸತ್ತಿದ್ದವು ಎಂದು ಅಲ್ಲಿನ ಡಾಕ್ಟರು ಹೇಳಿದರು. ಬಲಗೈಯ ನಾಲ್ಕು ಬೆರಳು, ಎಡಗೈಯ ಎರಡು ತೆಗೆಯಬೇಕಾಯಿತು. ಪುಣೆಯಿಂದ ಕಾಕು ಬಂದು ಹಾಸಿಗೆಯ ಪಕ್ಕ ಕೂತರು. ನನ್ನನ್ನು ಏನೂ ಕೇಳಲಿಲ್ಲ. ಒಮ್ಮೆ ಕೇಳಲಿ ಎಂದು ನಾನು ಎರಡು ದಿನ ಆ ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ನಾನಾಗಿ ಹೇಳಲಿಲ್ಲ. ಜೂನ್‌ನಲ್ಲಿ ಔರಾದಿನ ಕಡೆ, ಡಾಬಕಾಕ್ಕೆ ವರ್ಗ ಕೇಳಿ ಪಡೆದುಕೊಂಡೆ. ಅಷ್ಟು ದೂರದ ಊರನ್ನು ಯಾರೂ ಕೇಳಿ ಪಡೆಯುವುದಿಲ್ಲವೆಂದು ಆಫೀಸಿನ ಗುಮಾಸ್ತ ನಕ್ಕಿದ್ದ. ಮರುವರ್ಷ ಕಾಕಾ ಪುಣೆಯಲ್ಲಿ ತೀರಿಕೊಂಡ ಸುದ್ದಿ ಬಂತು. ನಾನು ಹೋಗಲಿಲ್ಲ.

ಹಲ್ಲಿನ ಡಾಕ್ಟರಲ್ಲಿಂದ ಬಂದ ಮೇಲೆ ನಾಲ್ಕು ದಿನ ನಿದ್ದೆಯಿಲ್ಲ. ಐದನೆಯ ದಿನ ಭಾಲ್ಕಿಯ ಪರಿಚಯದವರನ್ನು ಹಿಡಿದು ಕಾಕುವಿನ ಮಗಳ ನಂಬರು ಪಡೆದೆ. ಮಗಳು ಫೋನನ್ನು ತಾಯಿಗೆ ಕೊಟ್ಟಳು. ತೊಂಬತ್ತರ ಹತ್ತಿರದ ದನಿ.

"ಯಾರ್ರಿ?"

ಹೇಳಿದೆ.

"ಕಾಕು, ಆವತ್ತ ನಾ ನಿಮಗ ಸುಳ್ಳ ಹೇಳಿದ್ದೆ. ನಂಗ ಗೊತ್ತಿತ್ರಿ."

"ನನಗೂ ಗೊತ್ತಿತ್ತಲ್ರಿ ಅಕ್ಕೋರೆ" ಎಂದರು ಕಾಕು. "ಸುಡೋ ಚಹಾದ ಬಸಿ ಅಂಗೈ ಮ್ಯಾಲ ಇಟ್ಕೊಂಡ್ ಕೂಡ್ತಿದ್ರು. ಹೆಂಡ್ತಿಗಿ ಗೊತ್ತಾಗಂಗಿಲ್ಲೇನು? ಮಗಳ ಮನಿಗಿ ಹೋಗೋ ಆಸಿ ಆಗಿತ್ತು ನನಗ. ಎರಡ್ ಹೊತ್ತು ನೀರ್ ಹಾಕ್ಕೊಂಡು ಮೈ ತೊಳಿಬೇಕಂತ ಆಸಿ. ಅದಕ್ಕೇ, ನೀವು ಇಲ್ಲ ಅಂದ್ರ ಸಾಕಂತ ನಿಮ್ಮ ಹತ್ರ ಬಂದಿದ್ದೆ. ನೀವು ಇಲ್ಲ ಅಂದ್ರಿ. ನಾ ಬಸ್ ಹತ್ತಿದೆ."

ಫೋನು ಕಿವಿಗೆ ಹಿಡಿದುಕೊಂಡೇ ಕೂತೆ. ಅವರೂ ಇಡಲಿಲ್ಲ.